ನೀಲಿ ಪುಸ್ತಕದ ಐದನೇ ಸಾಲು

ಆ ನೀಲಿ ಪುಸ್ತಕದ ಮೇಲೆ ಹೆಸರು ಬರೆಯಲು ಅರ್ಧ ನಿಮಿಷ ಸಾಕಿತ್ತು. ಹೆಂಡತಿ ಹದಿಮೂರು ಸಲ ಹೇಳಿದ್ದಳು. "ಹೆಸರು ಬರೀರಿ, ಕಳ್ಕೊಳ್ತೀರಿ." ಹದಿಮೂರು ಸಲವೂ ಗಾಳಿಪಟ "ಬರೀತೀನಿ" ಅಂದಿದ್ದ. ಹದಿನಾಲ್ಕನೇ ಸಲ ನಿಜಕ್ಕೂ ಬರೆಯಲೆಂದೇ ಪೆನ್ನು ಕೈಗೆ ತೆಗೆದುಕೊಂಡ. ಪೆನ್ನಿನ ಮುಚ್ಚಳ ಸಡಿಲವಾಗಿತ್ತು. ಅದಕ್ಕೆ ಸುತ್ತಲು ದಾರ ಹುಡುಕಿದ. ದಾರದ ಡಬ್ಬದಲ್ಲಿ ಹೋದ ವರ್ಷ ಕಳೆದಿದ್ದ ಕಪಾಟಿನ ಬೀಗದ ಕೈ ಸಿಕ್ಕಿತು. ಕಪಾಟು ತೆಗೆದ. ಒಳಗೆ ಹಳೆಯ ರೇಡಿಯೋ ಇತ್ತು. ಹೆಂಡತಿ ಅಡಿಗೆಮನೆಯಿಂದ ಬಂದು ನೋಡುವ ಹೊತ್ತಿಗೆ ರೇಡಿಯೋ ನಡುಮನೆಯ ನೆಲದ ಮೇಲೆ ನಲವತ್ತು ತುಂಡಾಗಿ ಹರಡಿತ್ತು, ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು, ಪುಸ್ತಕದ ಮೇಲೆ ಹೆಸರಿರಲಿಲ್ಲ.

"ಆ ದಾರದ ಡಬ್ಬ ಯಾಕೆ ತೆಗೆದ್ರಿ?" ಎಂದಳು ಹೆಂಡತಿ. ಅವಳಿಗೆ ಕೋಪ ಮಾಡಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ. "ತೆಗೆದಿದ್ದು ಒಳ್ಳೇದೇ ಆಯ್ತು. ಹಸಿರು ದಾರ ಮುಗಿದಿದೆ. ಸಂಜೆ ತನ್ನಿ. ಮಗಳ ಫ್ರಾಕಿನ ಅಂಚು ನಾಲ್ಕು ದಿನದಿಂದ ನೇತಾಡ್ತಿದೆ. ಈಗಲೇ ಬರ್ಕೊಳ್ಳಿ, ನನ್ನ ಕಣ್ಣೆದುರಿಗೆ."

ಗಾಳಿಪಟ ಪುಸ್ತಕದ ಮೂರನೇ ಪುಟದಲ್ಲಿ "ಹಸಿರು ದಾರ" ಎಂದು ಬರೆದುಕೊಂಡ. ಪುಸ್ತಕವನ್ನು ಅಂಗಿಯ ಜೇಬಿಗೆ ತುರುಕಿ ಓಡಿದ. ಹೆಸರು ಬರೆಯುವುದಕ್ಕಿಂತ ಅದು ಎರಡಕ್ಷರ ಜಾಸ್ತಿಯೇ ಇತ್ತು. ಏನು ಮಾಡುವುದು, ಕೆಲವರ ಹಣೆಬರಹವೇ ಹಾಗೆ.

ಗಾಳಿಪಟ ಎನ್ನುವುದು ಬಸ್ ನಿಲ್ದಾಣದವರು ಅವನಿಗಿಟ್ಟ ಹೆಸರು. ದೇಹ ಇಲ್ಲಿ, ಗಮನ ಎಲ್ಲೋ ಮೇಲೆ. ನಲವತ್ತೆರಡು ವರ್ಷ ಜನ ಅವನನ್ನು ಸೋಮಾರಿ, ಬೇಜವಾಬ್ದಾರಿ, ಹೇಳಿದ್ದು ಕಿವಿಗೆ ಹಾಕಿಕೊಳ್ಳದವ ಎಂದು ಬೈದಿದ್ದರು. ನಲವತ್ತಮೂರನೇ ವರ್ಷದಲ್ಲಿ ಒಬ್ಬ ಡಾಕ್ಟರಮ್ಮ ಎರಡು ಗಂಟೆ ಕೂರಿಸಿಕೊಂಡು ಮಾತಾಡಿಸಿ, ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಎಂದು ಹೇಳಿದರು.

"ನಿಮ್ಮ ತಲೆ ಕೆಟ್ಟಿಲ್ಲ. ಬಾಗಿಲಿಲ್ಲದ ಮನೆ ಅಷ್ಟೆ. ಬೀದೀಲಿ ಹೋಗೋರೆಲ್ಲ ಒಳಗೆ ಬಂದು ಕೂತ್ಕೋತಾರೆ. ಹತ್ತು ಜನ ಒಟ್ಟಿಗೆ ನುಗ್ಗಿದಾಗ ನೀವು ಗಾಬರಿಯಾಗಿ ಮನೆ ಬಿಟ್ಟು ಓಡ್ತೀರಿ."

"ಓಡದೆ ಏನ್ ಮಾಡ್ಲಿ ಡಾಕ್ಟ್ರೇ?"

ಡಾಕ್ಟರಮ್ಮ ಡ್ರಾಯರು ಎಳೆದರು. ಒಳಗೆ ಅಂಗೈಯಗಲದ ನೀಲಿ ಪುಸ್ತಕಗಳ ಕಟ್ಟೇ ಇತ್ತು. ಮೇಲಿನದೊಂದನ್ನು ತೆಗೆದು ಕೊಟ್ಟರು. ಮೊದಲ ಪುಟದಲ್ಲಿ ಐದು ಸಾಲು ಅಚ್ಚಾಗಿತ್ತು, ಉಳಿದ ಪುಟ ಖಾಲಿ. "ಮಾತ್ರೆ ಬೆಳಿಗ್ಗೆ ಮಾತ್ರ. ಇದು ಯಾವಾಗ ತಲೆ ತುಂಬುತ್ತೋ ಆವಾಗ. ತೆಗೆದು ಓದಿ, ಸಾಲು ಸಾಲಾಗಿ ಮಾಡಿ."

ಅವನು ಮಾಡಿದ. ಕೆಲಸವೂ ಮಾಡಿತು. ಆದರೆ ಒಂದು ತೊಂದರೆ. ಪುಸ್ತಕ ಜೇಬಿನಲ್ಲೇ ಇರುತ್ತದಲ್ಲ ಎಂಬ ಧೈರ್ಯದಿಂದ ಅವನು ಆ ಐದು ಸಾಲನ್ನು ಬಾಯಿಪಾಠ ಮಾಡಲೇ ಇಲ್ಲ.

ಬಸ್ ನಿಲ್ದಾಣದಲ್ಲಿ ಅವನ ಕೆಲಸ ಕಳೆದ ವಸ್ತುಗಳ ಕೊಠಡಿಯಲ್ಲಿ. ಜನ ಬಸ್ಸಿನಲ್ಲಿ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತದೆ. ರಿಜಿಸ್ಟರಿನಲ್ಲಿ ಬರೆದು, ಚೀಟಿ ಕಟ್ಟಿ, ಕಪಾಟಿನಲ್ಲಿಟ್ಟು, ಕಳೆದುಕೊಂಡವರು ಬಂದು ಗುರುತು ಹೇಳಿದರೆ ಸಹಿ ಹಾಕಿಸಿಕೊಂಡು ಕೊಡಬೇಕು. ಮನೆಯಲ್ಲಿ ಬೀಗದ ಕೈ ಇಟ್ಟ ಜಾಗ ಗೊತ್ತಿಲ್ಲದ ಮನುಷ್ಯನನ್ನು ಇಲ್ಲಿ ಕೂರಿಸಿದ್ದು ಯಾವ ಪುಣ್ಯಾತ್ಮನ ತಲೆಯೋ! ಕೂರಿಸಿದ ಮೇಲೆ ನೋಡಿದರೆ, ಬೇರೆಯವರ ವಸ್ತು ಎಲ್ಲಿದೆ ಎಂದು ಕೇಳಿದರೆ ಇವನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಕೊಠಡಿಗೆ ದಪ್ಪ ಗೋಡೆ. ಒಂದೇ ಕಿಟಕಿ. ಒಂದು ಸಲಕ್ಕೆ ಕೈಯಲ್ಲಿ ಒಂದೇ ವಸ್ತು. ಹುಟ್ಟಿದ ಮೇಲೆ ಮೊದಲ ಸಲ ಗಾಳಿಪಟ ನೆಲಕ್ಕೆ ಇಳಿದಿದ್ದ.

ಅದಕ್ಕೆ ಮುಂಚೆ ಅವನು ವಿಚಾರಣೆ ಕೌಂಟರಿನಲ್ಲಿ ಮೈಕಿನ ಮುಂದಿದ್ದ. ಮೂರು ಫೋನು, ಎರಡು ಸಾಲು ಜನ, ತಲೆಯ ಮೇಲೆ ಲೌಡ್‌ಸ್ಪೀಕರು. ಒಂದು ದಿನ ಯಾವುದೋ ಮಗುವಿನ ಬಿಚ್ಚಿದ ಬೂಟಿನ ಲಾಡಿ ನೋಡುತ್ತ ಎರಡು ಬಸ್ಸಿನ ಪ್ಲಾಟ್‌ಫಾರಂ ಅದಲುಬದಲು ಮಾಡಿ ಕೂಗಿಬಿಟ್ಟ. ಮದುವೆಗೆ ಹೊರಟಿದ್ದ ನಲವತ್ತು ಜನ ಉಡುಗೊರೆ ಸಮೇತ ಜೈಲಿನ ಬಾಗಿಲಲ್ಲಿ ಇಳಿದರು. ಆಮೇಲೆ ಅವನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ಈ ಕೊಠಡಿಗೆ ಹಾಕಿದ್ದರು. ಆರು ತಿಂಗಳು ಈ ವಾರಕ್ಕೆ ಮುಗಿಯುತ್ತಿತ್ತು.

ಆ ಬೆಳಿಗ್ಗೆ ಎಂದಿನಂತೆ ಬಸ್ಸು ತೊಳೆಯುವವರು ಮೂಟೆ ತಂದು ಇಟ್ಟು ಹೋದರು. ಗಾಳಿಪಟ ಬರೆಯಲು ಕೂತ. ಕೊಡೆ ಮೂರು, ಒಂಟಿ ಚಪ್ಪಲಿ ಎರಡು, ಪುಸ್ತಕ ನಾಲ್ಕು, ಕೊಳಲು ಒಂದು, ಮಂಡಿಗೆ ಹಾಕುವ ಪಟ್ಟಿ ಒಂದು, ಚಿಲ್ಲರೆ ಸಾಮಾನು ಇನ್ನೂ ಏಳು. ಪುಸ್ತಕ ಬಿಚ್ಚಿ ಓದಬಾರದು, ಹೊರಗಿನ ಗುರುತು ಮಾತ್ರ ಬರೆಯಬೇಕು ಎನ್ನುವುದು ನಿಯಮ. ಅವನು ನಿಯಮ ತಪ್ಪುವವನಲ್ಲ. ಕೈ ಬರೆಯುತ್ತಿತ್ತು, ತಲೆ ಮಾತ್ರ ನಡುಮನೆಯಲ್ಲಿ ರೇಡಿಯೋದ ತಿರುಪುಗಳನ್ನು ಜೋಡಿಸುತ್ತಿತ್ತು. ಹತ್ತು ಗಂಟೆಗೆ ಹದಿನೆಂಟೂ ವಸ್ತು ಕಪಾಟು ಸೇರಿದವು.

ಆಗ ಮೈಕಿನ ಅಕ್ಕ ಒಳಗೆ ಬಂದಳು. ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂಗಿ ಕೂಗಿ ಅವಳಿಗೆ ಪಿಸುಮಾತು ಆಡುವುದೇ ಮರೆತುಹೋಗಿತ್ತು.

"ಲೋ ಗಾಳಿಪಟ! ತಪಾಸಣೆ ಸಾಹೇಬ್ರು ಮುಂದಿನ ವಾರ ಅಲ್ಲ, ಇವತ್ತೇ ಬರ್ತಾರಂತೆ. ಮೂರು ಗಂಟೆಗೆ!"

"ಇವತ್ತಾ?"

"ಇವತ್ತೇ. ನಿನ್ನ ವಿಷಯ ಇವತ್ತು ಇತ್ಯರ್ಥ. ಅವ್ರು ಸರಿ ಅಂತ ಬರೆದ್ರೆ ನೀನು ಇಲ್ಲೇ ಖಾಯಂ. ಇಲ್ಲಾಂದ್ರೆ ಸೋಮವಾರದಿಂದ ವಾಪಸ್ಸು ನನ್ನ ಪಕ್ಕ, ಮೈಕ್ ಮುಂದೆ. ಸಂಜೆ ಐದರೊಳಗೆ ವರದಿ ಮುಖ್ಯ ಕಚೇರಿಗೆ ತಲುಪಬೇಕಂತೆ. ತಲುಪಲಿಲ್ಲ ಅಂದ್ರೂ ಮೈಕೇ."

ಬಾಗಿಲಿಲ್ಲದ ಮನೆಗೆ ಜನ ನುಗ್ಗಿದರು. ಮೂರು ಗಂಟೆ ನುಗ್ಗಿತು. ಮೈಕು ನುಗ್ಗಿತು. ಧೂಳು ಹಿಡಿದ ಕಪಾಟು, ಮಿಣುಕುವ ಟ್ಯೂಬ್‌ಲೈಟು, ಕಿರುಗುಟ್ಟುವ ಫ್ಯಾನು, ಜೈಲಿನ ಮುಂದೆ ಇಳಿದ ಮದುಮಗನ ಸೋದರಮಾವ, ಎಲ್ಲರೂ ಒಳಗೆ ಬಂದು ಒಟ್ಟಿಗೆ ಮಾತಾಡತೊಡಗಿದರು. ಗಾಳಿಪಟನ ಎದೆ ಡವಡವ ಎಂದಿತು. ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

ಜೇಬು ಖಾಲಿ.

"ಏನಾಯ್ತೋ? ಮುಖ ಯಾಕೆ ಹಿಂಡಿದ ಬಟ್ಟೆ ಥರ ಆಯ್ತು?"

"ಪುಸ್ತಕ ಇಲ್ಲ ಅಕ್ಕ. ನನ್ನ ನೀಲಿ ಪುಸ್ತಕ. ಬಸ್ಸಲ್ಲಿ ಬಿದ್ದಿರ್ಬೇಕು."

"ಅಯ್ಯೋ, ಅಷ್ಟೇನಾ! ಪುಸ್ತಕ ಯಾಕೋ ಬೇಕು ಸಮಾಧಾನಕ್ಕೆ? ನೂರರಿಂದ ಹಿಂದಕ್ಕೆ ಎಣಿಸು. ಏಳೇಳು ಬಿಟ್ಟು."

"ನೂರು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು..." ಎಪ್ಪತ್ತೊಂಬತ್ತು ಎಂದಾಗ ಎಪ್ಪತ್ತೊಂಬತ್ತನೇ ನಂಬರಿನ ಬಸ್ಸು ನೆನಪಾಯಿತು. ಆ ಬಸ್ಸಿನಲ್ಲಿ ಸಿಕ್ಕಿದ್ದ ಹಲ್ಲಿನ ಸೆಟ್ಟು ನೆನಪಾಯಿತು. ಅದರ ಬಾಟಲಿಯ ನೀರು ಬದಲಿಸಿಲ್ಲ ಎಂಬುದು ನೆನಪಾಯಿತು. ಒಳಗೆ ಇನ್ನೊಬ್ಬ ಬಂದು ಕೂತ.

ನಮ್ಮ ಜನಕ್ಕೆ ಒಂದು ಕಾಯಿಲೆಯಿದೆ, ಅದಕ್ಕೆ ಯಾವ ಡಾಕ್ಟರೂ ಹೆಸರಿಟ್ಟಿಲ್ಲ. ಎದುರಿಗೆ ಒಬ್ಬ ಮುಳುಗುತ್ತಿದ್ದರೆ ಕೈ ಚಾಚುವುದಿಲ್ಲ, ದಡದಲ್ಲಿ ಕೂತು ಈಜಿನ ಪಾಠ ಹೇಳುತ್ತಾರೆ. ಅಕ್ಕನ ದನಿ ಕೇಳಿ ಕಾವಲುಗಾರ ತಾತ ಬಂದ. ವಿಷಯ ತಿಳಿದುಕೊಂಡ.

"ಮಗಾ, ಇದಕ್ಕೆಲ್ಲ ತಣ್ಣೀರೇ ಮದ್ದು. ನಮ್ಮಪ್ಪ ನಮಗೆ ಹಾಗೇ ಮಾಡ್ತಿದ್ದ."

"ಬೇಡ ತಾತಾ, ನಾನು..."

ತಾತ ಮಾತು ಮುಗಿಯುವವರೆಗೆ ಕಾಯುವ ಪೈಕಿಯವನಲ್ಲ. ಕೂಜದ ನೀರು ಪೂರ್ತಿ ನೆತ್ತಿಯ ಮೇಲೆ ಬಿತ್ತು. ಗಾಳಿಪಟನ ಜೊತೆಗೆ ರಿಜಿಸ್ಟರಿನ ಅರ್ಧ ಪುಟವೂ ತಣ್ಣಗಾಯಿತು.

ಆಮೇಲೆ ಗ್ಯಾರೇಜಿನ ಮೇಸ್ತ್ರಿ ಬಂದ. ಅವನ ಕೈಯಲ್ಲಿ ಕಾಲು ಕಿಲೋ ತೂಕದ ಒಂದು ಬೋಲ್ಟು.

"ನೀರು ಹುಯ್ದು ಏನ್ ತಾತಾ, ಅವನೇನು ರೇಡಿಯೇಟರಾ? ತಗೋಪ್ಪಾ, ಇದನ್ನ ಗಟ್ಟಿಯಾಗಿ ಹಿಸುಕು. ನನಗೆ ನನ್ನ ಭಾವನ ಮೇಲೆ ಸಿಟ್ಟು ಬಂದಾಗೆಲ್ಲ ಇದನ್ನೇ ಹಿಸುಕೋದು. ಆರು ವರ್ಷ ಆಯ್ತು, ಭಾವ ಇನ್ನೂ ಬದುಕಿದಾನೆ."

ಗಾಳಿಪಟ ಹಿಸುಕಿದ. ಬೋಲ್ಟಿಗೆ ಗ್ರೀಸಿತ್ತು. ಈಗ ತಲೆ ಒದ್ದೆ, ಕೈ ಕಪ್ಪು, ಎದೆಯ ಡವಡವ ಹಾಗೇ ಇತ್ತು. ಅವನು ಗ್ರೀಸು ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಅಕ್ಕ ಸದ್ದಿಲ್ಲದೆ ಹೊರಟುಹೋಗಿದ್ದಳು. ಅಕ್ಕ ಸದ್ದಿಲ್ಲದೆ ಹೋದಳೆಂದರೆ ಭಯಪಡಬೇಕು.

ಎರಡು ನಿಮಿಷಕ್ಕೆ ಲೌಡ್‌ಸ್ಪೀಕರು ಕೆಮ್ಮಿತು.

"ಪ್ರಯಾಣಿಕರ ಗಮನಕ್ಕೆ. ಕಳೆದ ವಸ್ತುಗಳ ಕೊಠಡಿಯವರು ತಮ್ಮ ಒಂದು ನೀಲಿ ಪುಸ್ತಕವನ್ನು ಕಳೆದುಕೊಂಡಿದ್ದಾರೆ. ಅದಿಲ್ಲದೆ ಅವರಿಗೆ ತುಂಬಾ ತೊಂದರೆಯಾಗಿದೆ. ಸಿಕ್ಕಿದವರು ದಯವಿಟ್ಟು ಕಳೆದ ವಸ್ತುಗಳ ಕೊಠಡಿಗೇ ತಂದುಕೊಡಬೇಕು."

ಇಡೀ ನಿಲ್ದಾಣ ಲೌಡ್‌ಸ್ಪೀಕರಿನ ಕಡೆ ತಿರುಗಿತು. ಆಮೇಲೆ ನಕ್ಕಿತು.

"ಮುಗೀತು," ಎಂದ ಗಾಳಿಪಟ. "ಸಾಹೇಬರ ಕಿವಿಗೆ ಇದು ಬಿದ್ರೆ ಮುಗೀತು. ಕಳೆದದ್ದನ್ನ ಕಾಯೋನೇ ಕಳ್ಕೊಂಡ ಅಂದ್ರೆ ಇಲ್ಲಿ ಯಾರು ಇಟ್ಕೋತಾರೆ?"

ನಕ್ಕ ಜನ ಕೆಟ್ಟವರಲ್ಲ. ಅದೇ ತೊಂದರೆ. ಕಾಲು ಗಂಟೆಯಲ್ಲಿ ಕಿಟಕಿಯ ಮುಂದೆ ಸಾಲು ಬೆಳೆಯಿತು. ಒಬ್ಬ ಬಣ್ಣದಂಗಡಿಯ ನೀಲಿ ಕ್ಯಾಟಲಾಗು ತಂದ. ಒಬ್ಬ ಭೂಗೋಳದ ಪುಸ್ತಕ ತಂದ. ಒಬ್ಬಳು ಹೆಂಗಸು ಹೊಲಿಗೆಯ ಅಳತೆ ಬರೆಯುವ ಪುಸ್ತಕ ತಂದಳು. ಒಬ್ಬ ಗಡ್ಡದವನು ಪಕ್ಕದ ಸೀಟಿನಲ್ಲಿ ಒರಗಿ ನಿದ್ದೆ ಹೋಗಿದ್ದವನ ಎದೆಯ ಮೇಲಿಂದಲೇ ನೀಲಿ ಪುಸ್ತಕ ಎತ್ತಿಕೊಂಡು ಬಂದಿದ್ದ. ಎಚ್ಚರವಾದ ಆ ಮನುಷ್ಯ ಹಿಂದೆಯೇ ಓಡಿಬಂದು ಅವನ ಕಾಲರು ಹಿಡಿದ.

"ಕಳ್ಳ ನನ್ಮಗನೆ, ಕೊಡೋ ಪುಸ್ತಕ!"

"ಕಳ್ಳ ಯಾಕ್ರೀ? ಉಪಕಾರ ಮಾಡ್ತಿದೀನಿ!"

ನಡುಗುವ ಕೈಯ ಒಬ್ಬಳು ಅಜ್ಜಿ ನೀಲಿ ರಟ್ಟಿನ ಪುಸ್ತಕ ಚಾಚಿದಳು.

"ಇದು ನಿಂದೇ ಏನಪ್ಪಾ?"

"ಅಜ್ಜೀ, ಇದರ ಮೇಲೆ ನಿಮ್ಮ ಹೆಸರೇ ಇದೆ. ನಿಮ್ಮ ಆಸ್ಪತ್ರೆ ಪುಸ್ತಕ."

"ಇರಲಿ ಬಿಡಪ್ಪಾ. ನಿನಗೆ ತುಂಬಾ ತೊಂದರೆಯಾಗಿದೆ ಅಂತ ಮೈಕಲ್ಲಿ ಹೇಳಿದ್ರಲ್ಲ. ಇಟ್ಕೋ."

ಇನ್ನೊಂದು ನಿಯಮವಿತ್ತು. ಯಾರೇ ಏನೇ ತಂದುಕೊಟ್ಟರೂ ರಿಜಿಸ್ಟರಿನಲ್ಲಿ ಬರೆದು ರಸೀದಿ ಕೊಡಬೇಕು. ಒಂದೂವರೆ ಗಂಟೆಗೆ ಮೇಜಿನ ಮೇಲೆ ಇಪ್ಪತ್ತಮೂರು ನೀಲಿ ಪುಸ್ತಕ ಗುಡ್ಡೆಯಾಗಿತ್ತು. ಒಂದನ್ನೂ ಬರೆದಿರಲಿಲ್ಲ. ಕಿಟಕಿಯಲ್ಲಿ ಹತ್ತು ಕೈಗಳು ರಸೀದಿ ಕೇಳುತ್ತಿದ್ದವು. ತಾತ ಎರಡನೇ ಕೂಜ ತುಂಬಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಅಕ್ಕ ಅರ್ಧ ಗಂಟೆಗೊಮ್ಮೆ ಕೂಗುತ್ತಲೇ ಇದ್ದಳು. ಅವಳಿಗೆ ನಿಲ್ಲಿಸೆಂದು ಹೇಳಲು ಹೋಗಬೇಕೆಂದು ಗಾಳಿಪಟ ನಾಲ್ಕು ಸಲ ಎದ್ದ, ನಾಲ್ಕು ಸಲವೂ ದಾರಿಯಲ್ಲಿ ಒಬ್ಬರು ಪುಸ್ತಕ ಕೊಟ್ಟರು.

ಐದನೇ ಸಲ ಏಳಲಿಲ್ಲ. ಮೇಜಿನ ಕೆಳಗೆ ನುಸುಳಿ ನೆಲದ ಮೇಲೆ ಕೂತುಬಿಟ್ಟ.

ಕೂತ ಕೂಡಲೇ ಏನೋ ಹೊಳೆಯಿತು. ಪುಸ್ತಕದ ಮೊದಲ ಸಾಲು ಅದೇ ಅಲ್ಲವೇ? "ಮೊದಲು ಕೂತುಕೋ." ಓದದೆಯೇ ಒಂದು ಸಾಲು ಮುಗಿದಿತ್ತು.

ಮೇಜಿನ ಕೆಳಗೆ ಸದ್ದು ಕಮ್ಮಿ. ಎದುರಿಗೆ ಗೋಡೆಯ ಮೂಲೆಯಲ್ಲಿ ಒಂದು ಇರುವೆ ಅನ್ನದ ಅಗುಳಿನಷ್ಟು ದೊಡ್ಡದೇನನ್ನೋ ಎಳೆಯುತ್ತಿತ್ತು. ಗಾಳಿಪಟ ಅದನ್ನು ನೋಡುತ್ತ ಉಸಿರು ಬಿಟ್ಟ. ಉದ್ದಕ್ಕೆ. ಒಳಗಿದ್ದ ಹತ್ತು ಜನರಲ್ಲಿ ಇಬ್ಬರು ಎದ್ದು ಹೋದ ಹಾಗಾಯಿತು. ಹೌದು, ಎರಡನೇ ಸಾಲು. "ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡು." ಮತ್ತೆ ಬಿಟ್ಟ. ಮತ್ತೆ. ಸೋದರಮಾವನೂ ಹೋದ.

ಮೂರನೇ ಸಾಲು ಕೈಯೇ ನೆನಪಿಸಿತು. "ಕಣ್ಣೆದುರು ಒಂದೇ ವಸ್ತು ಇಡು, ಉಳಿದದ್ದಕ್ಕೆ ಬಟ್ಟೆ ಹೊದಿಸು." ಯಾರೋ ಬಿಟ್ಟುಹೋಗಿದ್ದ ಹೂವಿನ ಹೊದಿಕೆಯೊಂದು ಮೂಲೆಯಲ್ಲಿತ್ತು. ಎದ್ದ. ಇಪ್ಪತ್ತಮೂರು ಪುಸ್ತಕದ ಗುಡ್ಡೆಯ ಮೇಲೆ ಅದನ್ನು ಹೊದಿಸಿದ. ಕಿಟಕಿಯ ಒಂದು ಬಾಗಿಲು ಹಾಕಿದ. ಹೊದಿಕೆಯ ಕೆಳಗಿಂದ ಒಂದೇ ಒಂದು ಪುಸ್ತಕ ಎಳೆದ. ನಾಲ್ಕನೇ ಸಾಲು: "ಸಣ್ಣದೊಂದನ್ನು ಮುಗಿಸು. ಆಮೇಲೆ ಇನ್ನೊಂದು." ಬರೆದ. ರಸೀದಿ ಕೊಟ್ಟ. ಇನ್ನೊಂದು ಎಳೆದ.

ಅಜ್ಜಿಯ ಪುಸ್ತಕ ಅಜ್ಜಿಗೆ ಹೋಯಿತು. ನಿದ್ದೆಯವನದು ನಿದ್ದೆಯವನಿಗೆ, ಇನ್ನೆರಡು ಹುಡುಕಿಕೊಂಡು ಬಂದ ಅವುಗಳ ಮಾಲೀಕರಿಗೆ. ಎರಡೂಮುಕ್ಕಾಲಿಗೆ ಸಾಲು ಕರಗಿತು, ಮೇಜು ಒಣಗಿತು, ಗ್ರೀಸು ಹೋಯಿತು. ಹೊದಿಕೆಯ ಕೆಳಗೆ ಉಳಿದ ಹತ್ತೊಂಬತ್ತಕ್ಕೂ ಚೀಟಿ ಬಿದ್ದಿತ್ತು. ಐದನೇ ಸಾಲು ಮಾತ್ರ ಏನು ಮಾಡಿದರೂ ನೆನಪಾಗಲಿಲ್ಲ. ನಾಲ್ಕರಲ್ಲೇ ಇಷ್ಟಾಯಿತಲ್ಲ ಎಂದು ಬಿಟ್ಟ.

"ನೋಡು, ನನ್ನ ನೀರಿನ ಮಹಿಮೆ," ಎಂದ ತಾತ ಬಾಗಿಲಿಂದ.

"ನೀರಲ್ಲ, ಬೋಲ್ಟು," ಎಂದ ಮೇಸ್ತ್ರಿ.

ಮೂರು ಗಂಟೆಗೆ ಸಾಹೇಬರು ಬಂದರು. ಎತ್ತರದ ಆಳು, ಬಿಳಿ ಮೀಸೆ. ಅಂಗಿಯ ಗುಂಡಿಗಳು ಒಂದೊಂದು ಮನೆ ಹಾರಿ ಹಾಕಿದ್ದವು. ಒಳಗೆ ಬಂದವರೇ ಮೂರು ಜೇಬು ತಡಕಿ ಪೆನ್ನು ಹುಡುಕಿದರು. ಪೆನ್ನು ಅವರ ಬಲಗೈಯಲ್ಲಿತ್ತು. ಗಾಳಿಪಟನಿಗೆ ಯಾಕೋ ಈ ಮನುಷ್ಯ ಗುರುತಿನವನು ಅನ್ನಿಸಿತು.

"ಹೋದ ತಿಂಗಳು ಹನ್ನೆರಡನೇ ತಾರೀಕು," ಎಂದರು ಸಾಹೇಬರು ರಿಜಿಸ್ಟರಿನ ಪುಟ ತಿರುವುತ್ತ. "ಹಲ್ಲಿನ ಸೆಟ್ಟು. ಎಲ್ಲಿ?"

"ನಾಲ್ಕನೇ ಕಪಾಟು ಸರ್, ಮೇಲಿನ ಸಾಲು, ಎಡಗಡೆ, ಗಾಜಿನ ಬಾಟಲಿ." ಹೇಳಿ ಮುಗಿಸುವಷ್ಟರಲ್ಲಿ ಹಲ್ಲು ಮೇಜಿನ ಮೇಲೆ ನಗುತ್ತಿತ್ತು.

"ಒಂಟಿ ಚಪ್ಪಲಿ, ಕಂದು ಬಣ್ಣ, ಎಡಗಾಲು?"

"ಏಳಿವೆ ಸರ್. ಯಾವ ಅಳತೆ ಬೇಕು?"

ಸಾಹೇಬರು ನಕ್ಕುಬಿಟ್ಟರು. ಇನ್ನೂ ಐದಾರು ಕೇಳಿದರು. ಒಂದಕ್ಕೂ ಗಾಳಿಪಟ ತಡವರಿಸಲಿಲ್ಲ. ಸಾಹೇಬರು ಕೂತು ವರದಿ ಬರೆದರು, ಸಹಿ ಹಾಕಿದರು, ಫೈಲಿನಲ್ಲಿಟ್ಟರು.

"ಬರೆದಾಯ್ತು. ನೀವು ಇಲ್ಲೇ ಇರಬೇಕಾದವರು. ಇದನ್ನ ನಾನೇ ಕೈಯಾರೆ ಮುಖ್ಯ ಕಚೇರೀಲಿ ಕೊಡಬೇಕು, ಐದರೊಳಗೆ. ಬೇರೆಯವರ ಕೈಲಿ ಕಳಿಸಿದ್ರೆ ತಗೊಳಲ್ಲ ಅವರು. ನಾಲ್ಕರ ಬಸ್ಸು ಹಿಡೀತೀನಿ."

ಗಾಳಿಪಟನಿಗೆ ಕಣ್ಣು ತುಂಬಿಬಂತು. ಸಾಹೇಬರು ಮಾತ್ರ ಏಳಲಿಲ್ಲ. ಬಾಗಿಲ ಕಡೆ ನೋಡಿ ದನಿ ಇಳಿಸಿದರು.

"ಇನ್ನೊಂದು ವಿಷಯ. ನಾನು ಬಸ್ಸಿಳಿಯುವಾಗ ಮೈಕಲ್ಲಿ ನೀಲಿ ಪುಸ್ತಕ ಅಂತ ಏನೋ ಹೇಳ್ತಿದ್ರು. ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ನಡುವೆ ಒಂದು ಬೆಕ್ಕು ಅಡ್ಡ ಬಂತು, ಅದನ್ನ ನೋಡ್ತಾ ನಿಂತೆ. ಇಲ್ಲಿ ಸಿಕ್ಕಿದೆ ಅಂತ ತಾನೇ?"

"ನೀಲಿ ಪುಸ್ತಕಾನಾ ಸರ್?"

"ನಂದೊಂದು ಕಳೆದು ಹತ್ತು ದಿನ ಆಯ್ತು. ಅಂಗೈಯಗಲ. ಅದಿಲ್ಲದೆ ತಲೆ ಗಿರ್ರಂತಿದೆ ಕಣ್ರೀ."

ಗಾಳಿಪಟ ಹೊದಿಕೆ ಸರಿಸಿ ಹತ್ತೊಂಬತ್ತನ್ನೂ ತೋರಿಸಿದ. ಸಾಹೇಬರು ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಆಮೇಲೆ ರಿಜಿಸ್ಟರಿನ ಮೇಲೆ ಬೆರಳು ಓಡಿಸಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿದೆಯಲ್ಲ! ಇವತ್ತು ಬೆಳಿಗ್ಗೆ ನೀವೇ ಬರೆದಿದೀರಿ. ಕ್ರಮಸಂಖ್ಯೆ ಏಳು. ಪುಸ್ತಕ, ನೀಲಿ, ಸಣ್ಣದು, ಮೇಲೆ ಹೆಸರಿಲ್ಲ. ಎರಡನೇ ಕಪಾಟು."

ಗಾಳಿಪಟ ಎರಡನೇ ಕಪಾಟಿಗೆ ಹೋದ. ಪುಸ್ತಕ ಕೈಗೆತ್ತಿಕೊಂಡ. ಚೀಟಿಯ ಗಂಟು ತಾನೇ ಹಾಕಿದ್ದು. ರಟ್ಟಿನ ಮೇಲೆ ಟೀ ಲೋಟದ ಉಂಗುರ, ಅದೂ ತಾನೇ ಇಟ್ಟದ್ದು. ಮೂಲೆಯಲ್ಲಿ ಹಲ್ಲಿನ ಗುರುತು, ಅದೂ ತನ್ನದೇ. ಬೆಳಗಿನಿಂದ ಊರೆಲ್ಲ ಕೂಗಿಸಿದ ಪುಸ್ತಕವನ್ನು ಅವನೇ ಬರೆದುಕೊಂಡು, ಚೀಟಿ ಕಟ್ಟಿ, ತನ್ನ ಕುರ್ಚಿಯಿಂದ ನಾಲ್ಕು ಅಡಿ ದೂರದಲ್ಲಿ ಜೋಪಾನವಾಗಿ ಇಟ್ಟಿದ್ದ.

ಇದು ನಂದು ಸರ್, ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಅಂದರೆ ಏನಾಗುತ್ತದೆ? ತನ್ನದನ್ನೇ ತಾನು ಗುರುತು ಹಿಡಿಯದವನು ಊರಿನವರದನ್ನು ಹೇಗೆ ಕಾಯುತ್ತೀಯ ಎಂದು ಸಾಹೇಬರು ಫೈಲು ತೆಗೆದು ಇನ್ನೊಂದು ಸಾಲು ಬರೆಯುತ್ತಾರೆ. ಮೈಕು ಕಣ್ಣ ಮುಂದೆ ಬಂತು. ನಾಲಿಗೆ ಹಿಂದೆ ಸರಿಯಿತು.

ಒಂದೇ ಆಸೆ ಉಳಿದಿತ್ತು. "ನಿಯಮ ಸರ್. ಮೊದಲ ಪುಟದಲ್ಲಿ ಏನಿದೆ ಅಂತ ಹೇಳಬೇಕು. ಹೇಳಿದ್ರೆ ಮಾತ್ರ ಕೊಡೋದು."

"ಭೇಷ್! ಹಾಗೇ ಇರಬೇಕು," ಎಂದು ಸಾಹೇಬರು ಕಣ್ಣು ಮುಚ್ಚಿದರು. "ಒಂದು, ಮೊದಲು ಕೂತುಕೋ. ಎರಡು, ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡು. ಮೂರು, ಕಣ್ಣೆದುರು ಒಂದೇ ವಸ್ತು ಇಡು, ಉಳಿದದ್ದಕ್ಕೆ ಬಟ್ಟೆ ಹೊದಿಸು. ನಾಲ್ಕು, ಸಣ್ಣದೊಂದನ್ನು ಮುಗಿಸು, ಆಮೇಲೆ ಇನ್ನೊಂದು."

ಗಾಳಿಪಟ ಪುಟ ತೆರೆದು ನೋಡುತ್ತಿದ್ದ. ಒಂದಕ್ಷರ ತಪ್ಪಿರಲಿಲ್ಲ. ಡಾಕ್ಟರಮ್ಮನ ಡ್ರಾಯರಿನಲ್ಲಿದ್ದ ಆ ಕಟ್ಟು ನೆನಪಾಯಿತು.

"ಐದು," ಎಂದು ಸಾಹೇಬರು ಬೆರಳೆತ್ತಿದರು. "ಎದ್ದು ಹೊರಡುವ ಮುಂಚೆ ಒಮ್ಮೆ ತಿರುಗಿ ನೋಡು. ಇದಿದೆಯಲ್ಲ, ಇದೇ ಎಲ್ಲಕ್ಕಿಂತ ಮುಖ್ಯ. ನನ್ನ ಅರ್ಧ ಆಯುಸ್ಸು ಬಿಟ್ಟು ಬಂದಿದ್ದನ್ನ ಹುಡುಕೋದ್ರಲ್ಲೇ ಹೋಯ್ತು. ಈಗ ಈ ಐದನೇ ಸಾಲು ಒಂದನ್ನ ಮಾತ್ರ ನಾನು ಬಿಡೋದಿಲ್ಲ. ಎಲ್ಲರಿಗೂ ಹೇಳ್ತೀನಿ."

ಗಾಳಿಪಟ ಪುಸ್ತಕ ಕೊಟ್ಟ. ಸಾಹೇಬರು ಪುಟ ತಿರುಗಿಸಿ ಹುಬ್ಬು ಗಂಟಿಕ್ಕಿದರು.

"ಹಸಿರು ದಾರ? ಇದು ಯಾವಾಗ ಬರೆದೆ ನಾನು? ಅಕ್ಷರ ಸೊಟ್ಟಗಿದೆ, ಬಸ್ಸಲ್ಲಿ ಬರೆದಿರ್ಬೇಕು. ಅಯ್ಯೋ, ಮನೆಯವಳು ಹೇಳಿ ಹತ್ತು ದಿನ ಆಯ್ತು ಅಂತಾಯ್ತು! ಮನೆಗೆ ಹೋದ್ರೆ ಯಾಕೆ ಮುಖ ಊದಿಸ್ಕೊಂಡಿರ್ತಾಳೆ ಅಂತ ಈಗ ಗೊತ್ತಾಯ್ತು ನೋಡಿ."

ರಿಜಿಸ್ಟರಿನಲ್ಲಿ "ನನ್ನ ವಸ್ತು ನನಗೆ ಸೇರಿತು" ಎನ್ನುವಲ್ಲಿ ಸಹಿ ಹಾಕಿ, ಪುಸ್ತಕವನ್ನು ಎದೆಗೊತ್ತಿಕೊಂಡು, ನಾಲ್ಕರ ಬಸ್ಸಿನ ಹಾರನ್ನು ಕೇಳಿ ದಡಬಡ ಹೊರಟರು.

ಗಾಳಿಪಟ ಕುರ್ಚಿಯಲ್ಲಿ 'ಉಸ್' ಎಂದು ಕೂತ. ಪುಸ್ತಕ ಹೋಯಿತು, ಹೋಗಲಿ. ಡಾಕ್ಟರಮ್ಮನನ್ನು ಕೇಳಿದರೆ ಇನ್ನೊಂದು ಕೊಡುತ್ತಾರೆ. ಕೊಠಡಿ ಉಳಿಯಿತಲ್ಲ. ಆ ಸಮಾಧಾನದಲ್ಲಿ ಹಲ್ಲಿನ ಬಾಟಲಿಯ ನೀರು ಬದಲಿಸಿದ. ಗುಡ್ಡೆಯ ಪುಸ್ತಕಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸಿದ. ಅಕ್ಕ, ತಾತ, ಮೇಸ್ತ್ರಿ ಮೂವರೂ ಸುದ್ದಿ ಕೇಳಲು ಬಂದಾಗ ನಾಲ್ಕೂವರೆ.

"ಪಾಸಾ?" ಎಂದಳು ಅಕ್ಕ. ಆಚೆ ಪ್ಲಾಟ್‌ಫಾರಂನವರೂ ತಿರುಗಿ ನೋಡಿದರು.

"ಪಾಸು ಅಕ್ಕ! ವರದಿ ಬರ್ಕೊಂಡು ಹೋದ್ರು."

ತಾತ ಸಂತೋಷಕ್ಕೂ ಕೂಜ ಎತ್ತಿದ, ಮೇಸ್ತ್ರಿ ತಡೆದ. ಅಕ್ಕ ಮೇಜಿಗೆ ಮೊಣಕೈ ಊರಿದವಳು ಹೂವಿನ ಹೊದಿಕೆಯ ಕೆಳಗೆ ಏನೋ ಗಟ್ಟಿಯಾಗಿದೆಯೆಂದು ಎತ್ತಿ ನೋಡಿದಳು.

"ಇದ್ಯಾವುದೋ ಈ ಫೈಲು?"

ಫೈಲಿನ ಮೇಲೆ ಇಲಾಖೆಯ ಮುದ್ರೆಯಿತ್ತು. ಒಳಗೆ ಸಾಹೇಬರ ದುಂಡು ಅಕ್ಷರದಲ್ಲಿ, "ಈ ನೌಕರನ ಕೈಗೆ ಬಂದ ಯಾವ ವಸ್ತುವೂ ಕಳೆಯುವುದಿಲ್ಲ" ಎಂದು ಬರೆದಿತ್ತು.

"ಫೋನ್ ಮಾಡು, ಫೋನ್ ಮಾಡು!" ಎಂದ ಮೇಸ್ತ್ರಿ. ಅಕ್ಕ ಸಾಹೇಬರ ನಂಬರಿಗೆ ಮಾಡಿದಳು. ಫೈಲಿನ ಹಿಂದಿನ ಜೇಬಿನಲ್ಲಿ ಫೋನು ರಿಂಗಾಯಿತು.

ಮೇಸ್ತ್ರಿ ನಾಲ್ಕರ ಬಸ್ಸಿನ ಕಂಡಕ್ಟರಿಗೆ ಮಾಡಿದ. "ಸಾಹೇಬ್ರಾ?" ಎಂದ ಕಂಡಕ್ಟರು. "ಮಾರ್ಕೆಟ್ ಸ್ಟಾಪಲ್ಲಿ ಈಗ ತಾನೇ ಇಳಿದ್ರಲ್ಲ. ಹಸಿರು ದಾರ ಎಲ್ಲಿ ಸಿಗುತ್ತೆ ಅಂತ ಬಸ್ಸಲ್ಲಿ ಎಲ್ಲರನ್ನೂ ಕೇಳ್ತಾ ಇದ್ರು."

"ಬೈಕಲ್ಲಿ ಹೋದ್ರೂ ಅರ್ಧ ಗಂಟೆ," ಎಂದ ಮೇಸ್ತ್ರಿ. "ಆ ಮಾರ್ಕೆಟ್ಟಲ್ಲಿ ಒಬ್ಬ ಮನುಷ್ಯನ್ನ ಹುಡುಕೋಕೆ ಇನ್ನೊಂದು ಗಂಟೆ. ಐದಕ್ಕೆ ಆಗೋ ಮಾತಲ್ಲ ಬಿಡಪ್ಪಾ."

"ಮೈಕಲ್ಲಿ ಹೇಳ್ಲಾ?" ಎಂದಳು ಅಕ್ಕ.

"ಬೇಡ ಅಕ್ಕ!" ಉಳಿದ ಮೂವರೂ ಒಟ್ಟಿಗೆ ಕೂಗಿದರು.

ಅಕ್ಕ ಗಾಳಿಪಟನ ಭುಜದ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡೋ. ಸೋಮವಾರ ನನ್ನ ಬಲಗಡೆ ಕೂತ್ಕೋ. ಎಡಗಡೆ ಲೌಡ್‌ಸ್ಪೀಕರಿದೆ."

ಅವರು ಹೋದರು. ಗಾಳಿಪಟ ಕೂತ. ಉದ್ದಕ್ಕೆ ಉಸಿರು ಬಿಟ್ಟ. ಮೇಜಿನ ಮೇಲೆ ಫೈಲೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೊದಿಕೆ ಹೊದಿಸಿದ. ರಿಜಿಸ್ಟರು ತೆರೆದು ಆ ದಿನದ ನಲವತ್ತೆರಡನೇ ವಸ್ತು ಬರೆದ. "ಫೈಲು ಒಂದು, ಫೋನು ಒಂದು. ಮಾಲೀಕರ ಹೆಸರು ಇದೆ." ಚೀಟಿ ಕಟ್ಟಿ ಎರಡನೇ ಕಪಾಟಿನಲ್ಲಿ, ತನ್ನ ಪುಸ್ತಕ ಇದ್ದ ಖಾಲಿ ಜಾಗದಲ್ಲೇ ಇಟ್ಟ. ಐದು ಹೊಡೆಯಿತು. ಆಶ್ಚರ್ಯವೆಂದರೆ ಎದೆ ಡವಡವ ಎನ್ನಲಿಲ್ಲ. ಎದ್ದ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದ. ಪೆನ್ನು ಜೇಬಿನಲ್ಲಿತ್ತು. ಊಟದ ಡಬ್ಬಿ ಕೈಯಲ್ಲಿತ್ತು. ಬೀಗದ ಕೈ ಇತ್ತು. ಹುಟ್ಟಿದ ಮೇಲೆ ಮೊದಲ ಸಲ ಅವನು ಏನನ್ನೂ ಬಿಟ್ಟು ಹೊರಟಿರಲಿಲ್ಲ. ಆ ಹೆಮ್ಮೆಯಲ್ಲೇ ನಿಲ್ದಾಣದ ಪಕ್ಕದ ದಾರದಂಗಡಿಯನ್ನು ದಾಟಿ, ಬಸ್ಸು ಹತ್ತಿ, ಮನೆ ಸೇರಿದ.

ನಡುಮನೆಯಲ್ಲಿ ರೇಡಿಯೋ ಇನ್ನೂ ನಲವತ್ತು ತುಂಡಾಗಿಯೇ ಇತ್ತು. ಹೆಂಡತಿ ಸೂಜಿ ಹಿಡಿದು, ಮಗಳ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.

"ಎಲ್ಲಿ ಹಸಿರು ದಾರ?"

"ಅದನ್ನ... ಸಾಹೇಬ್ರು ತಗೊಳ್ಳೋಕೆ ಹೋದ್ರು," ಎಂದ ಗಾಳಿಪಟ. ಅವಳು ಸೂಜಿ ಕೆಳಗಿಟ್ಟು ಎದ್ದಳು. ಅವನು ತಿರುಪುಗಳನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಮೊದಲು ಕೂತ.